ಅರ್ಧ ನೀರು ಬದಲಿಸಿದ ದಿನವೇ ಬೆಟ್ಟಾ ಮೀನು ತಳ ಹಿಡಿಯುತ್ತದೆ, ಎಂತ ಕಾರಣ? (ಸುರಂಗದ ನೀರು)

ಪೆರ್ಲ_ತೋಟ

ನಮಸ್ಕಾರ. ಗೊತ್ತಿದ್ದವರು ಸ್ವಲ್ಪ ದಾರಿ ಹೇಳಿ.

15 ಲೀಟರಿನ ಅಕ್ವೇರಿಯಂ, ಒಂದೇ ಗಂಡು ಬೆಟ್ಟಾ, ಹಾಫ್‌ಮೂನ್ ಜಾತಿ. ಏರ್ ಪಂಪಿಗೆ ಜೋಡಿಸಿದ ಸಣ್ಣ ಸ್ಪಾಂಜ್ ಫಿಲ್ಟರ್. ತಳದಲ್ಲಿ ತೊಳೆದ ಹೊಯಿಗೆ 2 ಸೆಂಟಿಮೀಟರ್, ಒಂದು ಅನುಬಿಯಾಸ್ ಗಿಡ. ಹೀಟರ್ ಇಲ್ಲ. ಬೆಳಿಗ್ಗೆ 5, ಸಂಜೆ 5 ಪೆಲ್ಲೆಟ್. ಇಟ್ಟು 4 ತಿಂಗಳಾಯಿತು.

ನೀರು ಗುಡ್ಡದ ಸುರಂಗದ್ದು (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು). ಪೈಪಿನಲ್ಲಿ ಬಂದು ಮನೆಯ ಹಿಂದಿನ ಸಿಮೆಂಟ್ ಟಾಂಕಿಗೆ ಬೀಳುತ್ತದೆ, ಅಲ್ಲಿಂದ ನಳ್ಳಿಗೆ. ಟಾಂಕಿ ಕಟ್ಟಿಸಿ ಇನ್ನೂ ಒಂದು ವರ್ಷ ಆಗಲಿಲ್ಲ. ಕ್ಲೋರಿನ್ ಇಲ್ಲ. ಆದಿತ್ಯವಾರ ಅರ್ಧ ನೀರು ತೆಗೆದು ನಳ್ಳಿಯ ನೀರು ತುಂಬಿಸುವುದು ಕ್ರಮ. ತುಂಬಿಸಿ ಒಂದು ಗಂಟೆಯೊಳಗೆ ಮೀನು ರೆಕ್ಕೆ ಮಡಚಿ ತಳದಲ್ಲಿ ಮಲಗುತ್ತದೆ, ಕಿವಿರು ಬೇಗಬೇಗ ಬಡಿಯುತ್ತದೆ. ಬುಧವಾರದ ಹೊತ್ತಿಗೆ ಪುನಃ ಸರಿ. ಬಾಲದ ಅಂಚು ಹರಿದ ಬಟ್ಟೆಯ ಹಾಗೆ ಆಗಿದೆ, ಅಂಚಿನಲ್ಲಿ ಕಪ್ಪು ಗೆರೆ ಉಂಟು.

ನೀರು ಬದಲಿಸದೆ ಬಿಟ್ಟರೆ ಹುಷಾರಾಗಿಯೇ ಇರುತ್ತದೆ! ಎಲ್ಲ ಕಡೆ ನೋಡಿದರೆ ನೀರು ಬದಲಿಸಿ, ಬದಲಿಸಿ ಅಂತಲೇ ಬರೆದಿದ್ದಾರೆ. ಬಾದಾಮಿ ಎಲೆ ಹಾಕಬೇಕಾ, ಉಪ್ಪು ಹಾಕಬೇಕಾ?

ಉಪ್ಪಳ_ಅಕ್ವಾ

ಫಿನ್ ರಾಟ್ (ರೆಕ್ಕೆ ಕೊಳೆಯುವ ರೋಗ) ಮಾರಾಯ್ರೆ, ಬೇರೆ ಎಂತದ್ದೂ ಅಲ್ಲ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು, ಅಂದ್ರೆ ನಿಮ್ಮ ಟ್ಯಾಂಕಿಗೆ 15 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ. 7ರಿಂದ 10 ದಿನ ಇರಲಿ. ಜೊತೆಗೆ ಒಂದು ಕಾಡುಬಾದಾಮಿ ಎಲೆ. ಮರದಿಂದ ತಾನಾಗಿ ಉದುರಿ ಕಂದು ಬಣ್ಣಕ್ಕೆ ಒಣಗಿದ್ದು ಬೇಕು, ಹಸಿರೆಲೆ ಕೊಯ್ದು ಒಣಗಿಸಿದ್ದು ಬೇಡ, ನೀರು ಕೊಳೆಯುತ್ತದೆ.

ಮತ್ತೆ 10 ಪೆಲ್ಲೆಟ್ ಜಾಸ್ತಿ ಆಯ್ತು. 1 ಮಿಲಿಮೀಟರ್ ಕಾಳಾದರೆ ಹೊತ್ತಿಗೆ 3 ಸಾಕು, ವಾರಕ್ಕೆ ಒಂದು ದಿನ ಉಪವಾಸ. ಬೆಟ್ಟಾದ ಹೊಟ್ಟೆ ಬಹಳ ಸಣ್ಣದು ಅಂತ ನೆನಪಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ.

ನೀರ್ಚಾಲು_ನೀರು

ಉಪ್ಪಳದವರು ಹೇಳಿದ ಆಹಾರದ ಲೆಕ್ಕ ಸರಿ. ಆದರೆ ಫಿನ್ ರಾಟಿಗೆ ವಾರ ತಿಥಿ ಗೊತ್ತಿಲ್ಲ. ಆದಿತ್ಯವಾರ ಶುರುವಾಗಿ ಬುಧವಾರ ಗುಣವಾಗುವ ಬ್ಯಾಕ್ಟೀರಿಯಾ ರೋಗ ಇಲ್ಲ. ಇದು ನೀರಿನದ್ದೇ ಕರಾಮತ್ತು. ಬಾಲದ ಅಂಚಿನ ಕಪ್ಪು ಗೆರೆಯೂ ಅಮೋನಿಯಾ ಸುಟ್ಟ ಗುರುತು ಇರಬಹುದು.

ಪೆರ್ಲದವರೇ, ಔಷಧಿ ಏನೂ ಹಾಕುವ ಮೊದಲು ಅಳತೆ ಬೇಕು. ಹನಿ ಹಾಕಿ ಬಣ್ಣ ನೋಡುವ ಕಿಟ್ ತನ್ನಿ; ಪಟ್ಟಿ ಅದ್ದಿ ನೋಡುವುದು ಇಂಥ ಮೆದು ನೀರಿನಲ್ಲಿ ನಂಬಿಕೆಗೆ ಅರ್ಹವಲ್ಲ. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ), ಕೆಎಚ್ (ಆಮ್ಲ ತಡೆಯುವ ಶಕ್ತಿ), ಅಮೋನಿಯಾ, ನೈಟ್ರೈಟ್ ನಾಲ್ಕೂ ಬೇಕು. ಐದು ಕಡೆಯ ನೀರು ನೋಡಿ:

ಸುರಂಗದ ಬಾಯಿಯಲ್ಲಿ ಆಗಷ್ಟೇ ಹಿಡಿದದ್ದು, ಅದೇ ನೀರು ಬಕೆಟಿನಲ್ಲಿ 24 ಗಂಟೆ ಏರ್ ಪಂಪ್ ಹಾಕಿ ಇಟ್ಟ ಮೇಲೆ, ಸಿಮೆಂಟ್ ಟಾಂಕಿಯದ್ದು, ಅಕ್ವೇರಿಯಮ್ಮಿನದ್ದು, ಕೊನೆಗೆ ಒಂದು ಲೋಟದಲ್ಲಿ ಅಕ್ವೇರಿಯಂ ನೀರು ಅರ್ಧ, ಟಾಂಕಿ ನೀರು ಅರ್ಧ ಬೆರೆಸಿ ಅದರ ಪಿಎಚ್. ಈ ಐದನೆಯದ್ದು ಮರೆಯಬೇಡಿ, ನನ್ನ ಸಂಶಯ ಅಲ್ಲಿಯೇ ಉಂಟು.

ಅಲ್ಲಿಯವರೆಗೆ ನೀರು ಬದಲಿಸಬೇಡಿ, ಆಹಾರ ಕೊಡಬೇಡಿ. ದೊಡ್ಡ ಬೆಟ್ಟಾ ಎರಡು ಮೂರು ದಿನ ಹಸಿದಿದ್ದರೆ ಏನೂ ಆಗುವುದಿಲ್ಲ.

ಪೆರ್ಲ_ತೋಟ

ಅಳೆದೆ. ಸುರಂಗದ ಬಾಯಿ: ಪಿಎಚ್ 6.0, ಕೆಎಚ್ 1. ಬಕೆಟಿನಲ್ಲಿ ಇಟ್ಟ ಮೇಲೆ: 6.6. ಸಿಮೆಂಟ್ ಟಾಂಕಿ: 8.4, ಕೆಎಚ್ 3. ಅಕ್ವೇರಿಯಂ: 6.0 (ಕಿಟ್ಟಿನಲ್ಲಿ ಅದಕ್ಕಿಂತ ಕೆಳಗಿನ ಬಣ್ಣ ಇಲ್ಲ), ಕೆಎಚ್ ಮೊದಲ ಹನಿಗೇ ಹಳದಿ, ಅಂದರೆ ಹೆಚ್ಚುಕಡಿಮೆ ಸೊನ್ನೆ. ಅಮೋನಿಯಾ ಅಕ್ವೇರಿಯಮ್ಮಿನಲ್ಲಿ 4 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಬೇರೆ ಕಡೆ ಸೊನ್ನೆ. ನೈಟ್ರೈಟ್ ಸೊನ್ನೆ. ಅರ್ಧ ಅರ್ಧ ಬೆರೆಸಿದ ಲೋಟ: 7.6. ನೀರಿನ ಬಿಸಿ 27 ಡಿಗ್ರಿ.

ಅಮೋನಿಯಾ 4 ಇದ್ದೂ ಮೀನು ಹೇಗೆ ಆರಾಮ ಉಂಟು?

ಉಪ್ಪಳ_ಅಕ್ವಾ

ಕೆಎಚ್ ಸೊನ್ನೆಯಾ! ಹಾಗಾದ್ರೆ ಉಪ್ಪು ಬೇಡ, ಈಗಲೇ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಹಾಕಿ. ಪಿಎಚ್ ಮೇಲೆ ಬಂದರೆ ಎಲ್ಲ ಸರಿ ಆಗ್ತದೆ.

ನೀರ್ಚಾಲು_ನೀರು

ಸೋಡಾ ಈಗ ಹಾಕಬೇಡಿ. ಹಾಕಿದರೆ ಮೀನು ಹೋಗಬಹುದು. ಯಾಕೆ ಅಂತ ಹೇಳುತ್ತೇನೆ, ಇಡೀ ಒಗಟು ಇದರಲ್ಲಿಯೇ ಉಂಟು.

ಕಿಟ್ಟಿನಲ್ಲಿ ಕಾಣುವ 4 ಪಿಪಿಎಂ ಅಂದರೆ ಒಟ್ಟು ಅಮೋನಿಯಾ. ಅದು ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಮೀನಿಗೆ ಹೆಚ್ಚು ಉಪದ್ರ ಇಲ್ಲ. ಇನ್ನೊಂದು ಮುಕ್ತ ಅಮೋನಿಯಾ, ಕಿವಿರನ್ನು ಸುಡುವುದು ಇದುವೇ. ಯಾವುದು ಎಷ್ಟು ಅಂತ ತೀರ್ಮಾನ ಮಾಡುವುದು ಪಿಎಚ್. 27 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ಮುಕ್ತ ಅಮೋನಿಯಾದ ಪಾಲು ಶೇಕಡಾ 0.07 ಮಾತ್ರ. 7ರಲ್ಲಿ 0.7, 7.6ರಲ್ಲಿ 2.6, 8ರಲ್ಲಿ 6ರ ಹತ್ತಿರ. ಪಿಎಚ್ ಒಂದು ಅಂಕ ಏರಿದರೆ ವಿಷ ಸುಮಾರು ಹತ್ತು ಪಟ್ಟು.

ಈಗ ನಿಮ್ಮ ಆದಿತ್ಯವಾರದ ಲೆಕ್ಕ ಹಾಕಿ. ಬದಲಿಸುವ ಮೊದಲು: 4 ಪಿಪಿಎಮ್ಮಿನಲ್ಲಿ ಶೇಕಡಾ 0.07, ಅಂದರೆ 0.003 ಪಿಪಿಎಂ. ಮೀನಿಗೆ ಗೊತ್ತೂ ಆಗುವುದಿಲ್ಲ. ಅರ್ಧ ನೀರು ತೆಗೆದಾಗ ಒಟ್ಟು ಅಮೋನಿಯಾ 2ಕ್ಕೆ ಇಳಿಯಿತು, ಒಳ್ಳೆಯದೇ. ಆದರೆ ಟಾಂಕಿಯ 8.4ರ ನೀರು ಬಿದ್ದು ಪಿಎಚ್ 7.6ಕ್ಕೆ ಹಾರಿತು. 2ರಲ್ಲಿ ಶೇಕಡಾ 2.6 ಅಂದರೆ 0.05. ಅಮೋನಿಯಾ ಅರ್ಧ ಆದರೂ ವಿಷ ಹದಿನೇಳು ಪಟ್ಟು ಏರಿತು! ಮುಕ್ತ ಅಮೋನಿಯಾ 0.02 ದಾಟಿದರೆ ಕಿವಿರಿಗೆ ಪೆಟ್ಟು ಶುರು. ಮೂರು ದಿನದಲ್ಲಿ ಪಿಎಚ್ ಪುನಃ ಬಿದ್ದು ಮೀನು ಚೇತರಿಸಿಕೊಳ್ಳುತ್ತದೆ. ಉಪ್ಪಳದವರ ಚಮಚ ಸೋಡಾ, ಅಂದರೆ ಸುಮಾರು 5 ಗ್ರಾಂ, 15 ಲೀಟರಿಗೆ ಹಾಕಿದರೆ ಕೆಎಚ್ ಒಮ್ಮೆಲೇ 11 ಏರುತ್ತದೆ, ಪಿಎಚ್ 8.2ರ ಆಸುಪಾಸು. ಆಗ 4 ಪಿಪಿಎಮ್ಮಿನಲ್ಲಿ ಮುಕ್ತ ಅಮೋನಿಯಾ 0.4ರ ಹತ್ತಿರ. ಅದರಲ್ಲಿ ಮೀನು ಉಳಿಯುವುದು ಕಷ್ಟ.

4 ಪಿಪಿಎಂ ಯಾಕೆ ಸೇರಿತು? ನಮ್ಮ ಮುರಕಲ್ಲಿನ ಗುಡ್ಡದ ನೀರಿನಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಆಮ್ಲವನ್ನು ತಡೆದು ನಿಲ್ಲಿಸುವ ಶಕ್ತಿಗೆ ಕೆಎಚ್ ಅನ್ನುವುದು. ಸ್ಪಾಂಜಿನಲ್ಲಿ ಕೂತ ಬ್ಯಾಕ್ಟೀರಿಯಾ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದು ಕೆಎಚ್ ತಿಂದುಹಾಕುತ್ತದೆ. ನಿಮ್ಮ ಒಂದೋ ಎರಡೋ ಡಿಗ್ರಿ ಕೆಎಚ್ ಕೆಲವೇ ದಿನದಲ್ಲಿ ಖಾಲಿ. ಆಮೇಲೆ ಪಿಎಚ್ ಕುಸಿಯುತ್ತದೆ, 6.5ರ ಕೆಳಗೆ ಈ ಬ್ಯಾಕ್ಟೀರಿಯಾ ಮಂದ, 6ರ ಕೆಳಗೆ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿದ ಹಾಗೆಯೇ. ನೈಟ್ರೈಟ್ ಸೊನ್ನೆ, ಅಮೋನಿಯಾ 4 ಅನ್ನುವುದೇ ಅದಕ್ಕೆ ಸಾಕ್ಷಿ. ಫಿಲ್ಟರ್ ಗುಳ್ಳೆ ಬಿಡುತ್ತಾ ಉಂಟು, ಆದರೆ ಕೆಲಸ ಮಾಡುವುದಿಲ್ಲ.

ಟಾಂಕಿಯ 8.4 ಸಿಮೆಂಟಿನದ್ದು. ಹೊಸ ಸಿಮೆಂಟಿನಿಂದ ಸುಣ್ಣ ತಿಂಗಳುಗಟ್ಟಲೆ ಬಿಡುತ್ತದೆ, ಮೆದು ನೀರಾದರೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಸುರಂಗದ ಧಾರೆ ಸಣ್ಣದಾದಾಗ ನೀರು ಟಾಂಕಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆಗ ಪಿಎಚ್ ಇನ್ನೂ ಏರಬಹುದು. ಹಾಗಾಗಿ ಒಮ್ಮೆ ಅಳೆದ ಅಂಕಿಯನ್ನೇ ವರ್ಷವಿಡೀ ನಂಬಬೇಡಿ.

ಮಾಡುವ ಕ್ರಮ ಹೀಗೆ. ಹಿಂದೆ ಮುಂದೆ ಮಾಡಬಾರದು.

ಮೊದಲು ಪಿಎಚ್ ಏರಿಸದೆ ಅಮೋನಿಯಾ ಇಳಿಸಬೇಕು. ಅದಕ್ಕೆ ಟಾಂಕಿ ನೀರು ಬೇಡ, ಸುರಂಗದ ಬಾಯಿಯ ನೀರನ್ನೇ ಹಿಡಿದು 24 ಗಂಟೆ ಗಾಳಿ ಕೊಟ್ಟು ಇಡಿ. ನೆಲದಡಿಯಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಗಾಳಿಯಾಡಿದ ಮೇಲೆ 6.0 ಇದ್ದದ್ದು 6.6 ಆದದ್ದು ಅದಕ್ಕೇ. ದಿನಕ್ಕೆ ಶೇಕಡಾ 30, ನಿಮಗೆ 4.5 ಲೀಟರ್, 5 ದಿನ ಬದಲಿಸಿ. ಸುರಿಯಬೇಡಿ, ಏರ್ ಪಂಪಿನ ಸಪೂರ ಪೈಪಿಗೆ ಸಡಿಲ ಗಂಟು ಹಾಕಿ ಹನಿಹನಿಯಾಗಿ ಒಂದು ಗಂಟೆಯಲ್ಲಿ ಇಳಿಸಿ. 4 ಇದ್ದದ್ದು ಐದನೆಯ ದಿನಕ್ಕೆ 0.7ರ ಹತ್ತಿರ ಬರಬೇಕು. ಎರಡು ದಿನ ಉಪವಾಸ, ಮತ್ತೆ ಹೊತ್ತಿಗೆ 2 ಕಾಳು.

ಇನ್ನೂ ಒಂದೆರಡು ದಿನ ಹೀಗೆಯೇ ಬದಲಿಸಿ, ಒಟ್ಟು ಅಮೋನಿಯಾ 0.5ರ ಕೆಳಗೆ ಬಂದ ಮೇಲೆ ಕೆಎಚ್ ಏರಿಸುವುದು. ಇಲ್ಲಿ ಎಲ್ಲಕ್ಕಿಂತ ಸುಲಭದ್ದು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು. ಕುದಿಸಿ, ಮಾಂಸದ ಅಂಶ ಪೂರ್ತಿ ತೆಗೆದು, ಒಣಗಿಸಿ, ಕಡಲೆಬೇಳೆ ಗಾತ್ರಕ್ಕೆ ಕುಟ್ಟಿ 20 ಗ್ರಾಂ, ಬಲೆಯ ಚೀಲದಲ್ಲಿ ಕಟ್ಟಿ ಸ್ಪಾಂಜಿನ ಹತ್ತಿರ ಇಡಿ. ನೀರು ಹುಳಿಯಾದಾಗ ಕರಗುತ್ತದೆ, ಸಮಕ್ಕೆ ಬಂದಾಗ ನಿಲ್ಲುತ್ತದೆ. ಪಿಎಚ್ 7.2ರಿಂದ 7.6ರೊಳಗೆ ನಿಧಾನಕ್ಕೆ ನಿಲ್ಲುತ್ತದೆ. ಆದರೆ ಚಿಪ್ಪು ಸುಟ್ಟು ಮಾಡಿದ ಸುಣ್ಣ, ವೀಳ್ಯದ ಸುಣ್ಣವೇ ಆಗಲಿ, ಚಿಟಿಕೆಯೂ ಹಾಕಬೇಡಿ. ಅದು ಬೇರೆಯೇ ವಸ್ತು, ಪಿಎಚ್ ನಿಮಿಷದೊಳಗೆ 10 ದಾಟಿಸುತ್ತದೆ.

ಸೋಡಾ ಬೇಕಾದರೆ ಹೀಗೆ: ಒಂದು ಮಟ್ಟ ಚಮಚ (5 ಗ್ರಾಂ) ಅರ್ಧ ಲೀಟರ್ ನೀರಿನಲ್ಲಿ ಕರಗಿಸಿಡಿ. ಅದರ 45 ಮಿಲಿಲೀಟರ್ ನಿಮ್ಮ 15 ಲೀಟರಿಗೆ ಕೆಎಚ್ 1 ಏರಿಸುತ್ತದೆ. ದಿನಕ್ಕೆ 1ರಂತೆ, 3 ಅಥವಾ 4ಕ್ಕೆ ನಿಲ್ಲಿಸಿ. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ಎರಡೂ ಒಂದೇ ಡಬ್ಬಿಯ ಹಾಗೆ ಕಾಣುತ್ತವೆ, ನೋಡಿ ತೆಗೆಯಿರಿ. ಮತ್ತೆ ಪ್ರತಿ ನೀರು ಬದಲಾವಣೆಗೆ ಹೊಸ ನೀರಿಗೂ ಅದೇ ಲೆಕ್ಕದಲ್ಲಿ ಬೆರೆಸಿಯೇ ಹಾಕಬೇಕು, ಅದಕ್ಕೇ ಚಿಪ್ಪು ಲೇಸು ಅಂದದ್ದು.

ಕೆಎಚ್ ನಿಂತ ಮೇಲೆ ಬ್ಯಾಕ್ಟೀರಿಯಾ ಪುನಃ ತುಂಬಲು 3ರಿಂದ 6 ವಾರ. ಆ ದಿನಗಳಲ್ಲಿ ಈಗ ಕಾಣದ ನೈಟ್ರೈಟ್ ಕಾಣಿಸಿಕೊಳ್ಳುತ್ತದೆ, ಗಾಬರಿ ಬೇಡ. ಆಗ ಉಪ್ಪಳದವರ ಉಪ್ಪು ಕೆಲಸಕ್ಕೆ ಬರುತ್ತದೆ: ಉಪ್ಪಿನ ಕ್ಲೋರೈಡ್ ಕಿವಿರಿನ ದಾರಿ ಹಿಡಿದು ನೈಟ್ರೈಟ್ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಲೀಟರಿಗೆ ಅರ್ಧ ಗ್ರಾಂ ಸಾಕು. ಫಿಲ್ಟರಿನಲ್ಲಿ ಜಿಯೋಲೈಟ್ ಕಲ್ಲು ಇದ್ದರೆ ಮಾತ್ರ ಉಪ್ಪು ಬೇಡ, ಅದು ಹಿಡಿದಿಟ್ಟ ಅಮೋನಿಯಾವನ್ನೆಲ್ಲ ಉಪ್ಪು ಕಂಡ ಕೂಡಲೇ ಬಿಟ್ಟುಬಿಡುತ್ತದೆ.

ಉಪ್ಪಳ_ಅಕ್ವಾ

ಒಪ್ಪಿದೆ. ಸೋಡಾದ ಮಾತು ಹಿಂದಕ್ಕೆ. ಹಾಗಾದ್ರೆ ಬಾದಾಮಿ ಎಲೆಯೂ ಬೇಡವಾ?

ನೀರ್ಚಾಲು_ನೀರು

ಕೆಎಚ್ 3 ನಿಂತ ಮೇಲೆ ಧಾರಾಳ ಹಾಕಬಹುದು, 15 ಲೀಟರಿಗೆ ಅಂಗೈಯಗಲದ ಒಂದು. ಕೆಎಚ್ ಸೊನ್ನೆ ಇರುವ ನೀರಿಗೆ ಹಾಕಿದರೆ ಬಿದ್ದವನ ಮೇಲೆ ಇನ್ನೊಂದು ಕಲ್ಲು ಹೇರಿದ ಹಾಗೆ. ಕ್ಲೋರಿನ್ ಹಾಕಿದ ಗಡಸು ನೀರಿನ ಪೇಟೆಯವರಿಗೆ ಬರೆದ ಸಲಹೆ ನಮ್ಮ ಗುಡ್ಡದ ನೀರಿಗೆ ಹೊಂದುವುದಿಲ್ಲ.

ಮುಳ್ಳೇರಿಯ_ಹಸಿರು

ನೀರ್ಚಾಲಿನವರ ಲೆಕ್ಕಕ್ಕೆ ತಕರಾರಿಲ್ಲ, ಮದ್ದಿಗೆ ಸ್ವಲ್ಪ ಉಂಟು. ಬೆಟ್ಟಾದ ಮೂಲ ಥಾಯ್ಲೆಂಡಿನ ಗದ್ದೆ, ಜೌಗು ನೀರು. ಪಿಎಚ್ 6ರಿಂದ ಅದಕ್ಕೆ ತೊಂದರೆ ಇಲ್ಲ, ತೊಂದರೆ ಬ್ಯಾಕ್ಟೀರಿಯಾಕ್ಕೆ. ಹಾಗಿದ್ದರೆ ಬ್ಯಾಕ್ಟೀರಿಯಾವನ್ನು ನಂಬುವುದೇ ಯಾಕೆ? ಸುರಂಗದ ನೀರನ್ನು ಇದ್ದ ಹಾಗೆ ಇಟ್ಟು ಗಿಡ ತುಂಬಿಸಿ. ಗಿಡಗಳು ಅಮೋನಿಯಂ ಅನ್ನೇ ಮೊದಲು ಹೀರುವುದು.

ಆದರೆ ಅನುಬಿಯಾಸ್ ಒಂದರಿಂದ ಆಗುವ ಕೆಲಸ ಅಲ್ಲ, ಅದು ತಿಂಗಳಿಗೆ ಒಂದೋ ಎರಡೋ ಎಲೆ ಬಿಡುವ ಗಿಡ. ಬೇಗ ಬೆಳೆಯುವುದು ಬೇಕು: ನೀರಿನ ಮೇಲೆ ತೇಲುವ ಅಂತರಗಂಗೆ, ಸಾಲ್ವೀನಿಯಾ, ಇಲ್ಲದಿದ್ದರೆ ಮನಿಪ್ಲಾಂಟಿನ ಬಳ್ಳಿಯ ನಾಲ್ಕು ತುಂಡು, ಬೇರು ಮಾತ್ರ ನೀರಿನಲ್ಲಿ, ಎಲೆ ಹೊರಗೆ. ತೇಲುವ ಗಿಡ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಮುಚ್ಚದಂತೆ ವಾರಕ್ಕೊಮ್ಮೆ ತೆಗೆಯಿರಿ. ಬೆಟ್ಟಾ ಮೇಲೆ ಬಂದು ಗಾಳಿ ನುಂಗಬೇಕಲ್ಲ. ತೆಗೆದ ಗಿಡದ ಜೊತೆ ಅಮೋನಿಯಾವೂ ಹೊರಗೆ ಹೋಯಿತು ಅಂತ ಲೆಕ್ಕ.

ತೋಡಿನಿಂದ, ಮದಕದಿಂದ ತಂದ ಗಿಡ ಹಾಗೆಯೇ ಹಾಕಬೇಡಿ. ಏರೋಪ್ಲೇನ್ ಚಿಟ್ಟೆಯ ಮರಿ ಒಂದು ಬಂದರೂ ಮಲಗಿದ ಬೆಟ್ಟಾದ ಬಾಲ ಕತ್ತರಿಸುತ್ತದೆ. ಲೀಟರಿಗೆ 10 ಮಿಲಿಗ್ರಾಂ ಪೊಟಾಸಿಯಂ ಪರ್ಮಾಂಗನೇಟ್ ಹಾಕಿದ ತೆಳು ಗುಲಾಬಿ ನೀರಿನಲ್ಲಿ 10 ನಿಮಿಷ ಅದ್ದಿ, ಚೆನ್ನಾಗಿ ತೊಳೆದು, ಒಂದು ವಾರ ಬೇರೆ ಬಕೆಟಿನಲ್ಲಿಟ್ಟು ನೋಡಿ. ಆ ಬಕೆಟಿನಲ್ಲಿ ಸೊಳ್ಳೆ ಮರಿ ಆದರೆ ಚಾ ಸೋಸುವ ಜಾಲರಿಯಲ್ಲಿ ಹಿಡಿದು ಮೀನಿಗೇ ಕೊಡಿ. ವಾರ ದಾಟಿಸಬೇಡಿ, ಹಾರಿ ಹೋದರೆ ಮನೆಯವರಿಗೇ ಕಚ್ಚುವುದು.

ನೀರ್ಚಾಲು_ನೀರು

ಗಿಡದ ದಾರಿ ಸರಿಯೇ, ಒಂದೇ ಷರತ್ತು: ಬೆಳಕು. ಮಳೆಗಾಲದ ಕತ್ತಲೆ ಕೋಣೆಯಲ್ಲಿ ಗಿಡ ಕೊಳೆಯಲು ಶುರುವಾದರೆ ಹೀರಿದ್ದನ್ನೆಲ್ಲ ವಾಪಸು ಕಕ್ಕುತ್ತದೆ. ದಿನಕ್ಕೆ 7-8 ಗಂಟೆ ಲೈಟ್ ಹಾಕುವವರಿಗೆ ಗಿಡ, ಇಲ್ಲದವರಿಗೆ ಚಿಪ್ಪು. ಎರಡೂ ಒಟ್ಟಿಗೆ ಇದ್ದರೂ ಜಗಳ ಇಲ್ಲ.

ಮುಳ್ಳೇರಿಯ_ಹಸಿರು

ಇನ್ನೊಂದು. ಹೆಸರಿನಲ್ಲಿಯೇ ತೋಟ ಉಂಟಲ್ಲ, ಅದಕ್ಕೆ ಹೇಳುವುದು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ ಜಾಗ್ರತೆ. ಬೋರ್ಡೋ ಅಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ಮೆದು ನೀರಿನಲ್ಲಿ ತಾಮ್ರದ ವಿಷ ಗಡಸು ನೀರಿನಲ್ಲಿದ್ದದ್ದಕ್ಕಿಂತ ಎಷ್ಟೋ ಹೆಚ್ಚು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಬಿಡುವುದು ರೂಢಿ. ಆ ದಿನಗಳಲ್ಲಿ ತೋಟದೊಳಗಿನ ಬಾದಾಮಿ ಮರದ ಎಲೆ ಹೆಕ್ಕಬೇಡಿ, ಮಾಡಿನ ಮಳೆನೀರು ಹಿಡಿಯಬೇಡಿ. ಮದ್ದು ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಬಳಸಬಾರದು. ಸುರಂಗದ ನೀರು ತೋಟದ ನಡುವೆ ತೆರೆದ ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ನೀರಿನ ದಾರಿ) ಬರುವುದಾದರೆ ಸುರಂಗದ ಬಾಯಿಯಲ್ಲಿಯೇ ಹಿಡಿಯಿರಿ. ಅಕ್ವೇರಿಯಮ್ಮಿನಲ್ಲಿ ಬಸವನಹುಳು ಇದ್ದು ಅವು ಒಟ್ಟಿಗೆ ಚಿಪ್ಪಿನೊಳಗೆ ಸೇರಿಕೊಂಡರೆ ತಾಮ್ರದ ಸಂಶಯ ಮಾಡಿ, ಮೀನಿಗಿಂತ ಮೊದಲು ಪೆಟ್ಟು ಅವಕ್ಕೆ.

ಬಾವಿ ನೀರಿನವರಿಗೂ ಒಂದು ಮಾತು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಹುಡಿ ಹಾಕುತ್ತಾರೆ, ಸಾಮಾನ್ಯವಾಗಿ 1000 ಲೀಟರಿಗೆ 2.5 ಗ್ರಾಂ, ಜ್ವರ ಗಿರ ಇದ್ದರೆ 5 ಗ್ರಾಂ. ಹಾಕಿದ್ದು ಮನೆಯವರಿಗೆ ಗೊತ್ತಾಗದೆಯೂ ಇರಬಹುದು. ಕ್ಲೋರಿನ್ ತೆಗೆಯುವ ಹೈಪೋ ಹರಳು (ಸೋಡಿಯಂ ಥಯೋಸಲ್ಫೇಟ್) 10 ಗ್ರಾಂ, 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. 10 ಲೀಟರಿಗೆ 1 ಮಿಲಿಲೀಟರ್, ಹುಡಿ ಹಾಕಿದ ವಾರದಲ್ಲಿ 2.

ಪೆರ್ಲ_ತೋಟ

ತುಂಬ ಉಪಕಾರ ಆಯ್ತು. ಸುರಂಗದ ಬಾಯಿಯಿಂದ ಬೇರೆ ಪೈಪ್ ಎಳೆಯುವುದು ಕಷ್ಟ ಇಲ್ಲ. ಇನ್ನು ಎರಡು ಸಂಶಯ. ಹರಿದ ಬಾಲ ಪುನಃ ಬರುತ್ತದಾ? ಮಳೆಗಾಲಕ್ಕೆ ಹೀಟರ್ ಬೇಕಾ? ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ ಇಲ್ಲಿ.

ಉಪ್ಪಳ_ಅಕ್ವಾ

ಬಾಲ ಬರ್ತದೆ. ಹೊಸದು ಮೊದಲು ಪ್ಲಾಸ್ಟಿಕ್ ಹಾಳೆಯ ಹಾಗೆ ಬಣ್ಣ ಇಲ್ಲದೆ ಬರುವುದು, ಅದನ್ನು ರೋಗ ಅಂದುಕೊಳ್ಳಬೇಡಿ. ನೀರು ಸರಿಯಾದ ಎರಡು ವಾರದ ಮೇಲೂ ಅಂಚು ದಿನದಿಂದ ದಿನಕ್ಕೆ ಒಳಗೆ ಸರಿಯುತ್ತಾ, ಕೆಂಪಾಗುತ್ತಾ ಹೋದರೆ ಆಗ ಫಿನ್ ರಾಟ್ ಅನ್ನಿ. ಮೀನನ್ನು ಬೇರೆ ಡಬ್ಬಿಗೆ ಹಾಕಿ ಉಪ್ಪಿನ ಚಿಕಿತ್ಸೆ ಮಾಡಿ. ಒಂದೇ ರಾತ್ರಿಯಲ್ಲಿ ಅರ್ಧಚಂದ್ರಾಕಾರದ ತುಂಡು ಕಾಣೆಯಾದರೆ ಅದು ತನ್ನ ಬಾಲವನ್ನು ತಾನೇ ಕಚ್ಚಿದ್ದು. ಬಾಲ ಭಾರವಾದ ಹಾಫ್‌ಮೂನಿಗೆ ಆ ಚಾಳಿ ಉಂಟು, ಫಿಲ್ಟರಿನ ಗುಳ್ಳೆ ಜೋರಾದರೆ ಇನ್ನೂ ಜಾಸ್ತಿ. ಏರ್ ಪೈಪಿಗೆ ಸಣ್ಣ ವಾಲ್ವ್ ಹಾಕಿ ಕಡಿಮೆ ಮಾಡಿ. ಮೀಥಿಲೀನ್ ಬ್ಲೂ (ಮೀನಿನ ರೋಗಕ್ಕೆ ಹಾಕುವ ನೀಲಿ ಮದ್ದು) ಅಕ್ವೇರಿಯಮ್ಮಿಗೆ ನೇರ ಹಾಕಬೇಡಿ, ಸ್ಪಾಂಜಿನ ಬ್ಯಾಕ್ಟೀರಿಯಾ ಎಲ್ಲ ಸತ್ತು ಪುನಃ ಮೊದಲಿನ ಕತೆ.

ನೀರ್ಚಾಲು_ನೀರು

15 ಲೀಟರಿಗೆ 25 ವಾಟ್ ಹೀಟರ್, 26 ಡಿಗ್ರಿಗೆ ಇಡಿ. ಬೇಸಿಗೆಯಲ್ಲಿ ಬೇಡವೇ ಬೇಡ. ಬೇಕಾಗುವುದು ಮಳೆಗಾಲದ ರಾತ್ರಿಗಳಿಗೆ ಮತ್ತು ಡಿಸೆಂಬರ್-ಜನವರಿಯ ಗುಡ್ಡದ ಚಳಿಗೆ. 24ರ ಕೆಳಗೆ ಹೋದರೆ ಮೀನು ತಿನ್ನುವುದು ಕಡಿಮೆ ಮಾಡುತ್ತದೆ, ತಿಂದದ್ದು ಕರಗುವುದಿಲ್ಲ. ನೀರು ತೆಗೆಯುವ 15 ನಿಮಿಷ ಮೊದಲೇ ಪ್ಲಗ್ ತೆಗೆಯಿರಿ. ಬಿಸಿ ಗಾಜು ಗಾಳಿಗೆ ಬಂದು ಪುನಃ ನೀರು ತಾಗಿದರೆ ಒಡೆಯುತ್ತದೆ.

ಕರೆಂಟು ಹೋದರೆ ಬೆಟ್ಟಾ ಉಸಿರು ಕಟ್ಟಿ ಸಾಯುವುದಿಲ್ಲ, ಮೇಲಿನ ಗಾಳಿ ನುಂಗುವ ಅಂಗ ಅದಕ್ಕೆ ಉಂಟು. ಅದಕ್ಕಾಗಿ ಮುಚ್ಚಳ ಮತ್ತು ನೀರಿನ ನಡುವೆ 4-5 ಸೆಂಟಿಮೀಟರ್ ಜಾಗ ಬಿಡಿ, ಮುಚ್ಚಳ ಮಾತ್ರ ತಪ್ಪದೆ ಇರಲಿ, ಹಾರುತ್ತದೆ. ಟ್ಯಾಂಕಿಗೆ ಬೆಡ್‌ಶೀಟ್ ಸುತ್ತಿದರೆ ಬಿಸಿ ನಿಧಾನಕ್ಕೆ ಇಳಿಯುತ್ತದೆ. ಆಹಾರ ನಿಲ್ಲಿಸಿ. ದಿನಗಟ್ಟಲೆ ಬಾರದಿದ್ದರೆ ಆರು ಗಂಟೆಗೊಮ್ಮೆ ಸ್ಪಾಂಜನ್ನು ಅದೇ ನೀರಿನಲ್ಲಿ ನಾಲ್ಕು ಸಲ ಮೆಲ್ಲನೆ ಅತ್ತಿತ್ತ ಆಡಿಸಿ, ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗುತ್ತದೆ. ನಳ್ಳಿಯಡಿ ಹಿಡಿದು ಹಿಂಡಬೇಡಿ.

ಕರೆಂಟಿಲ್ಲದ ರಾತ್ರಿ ಸೊಳ್ಳೆ ಬತ್ತಿ ಹಚ್ಚುವುದಾದರೆ ಬೇರೆ ಕೋಣೆಯಲ್ಲಿ. ಕರೆಂಟು ಬಂದ ಮೇಲೆ ಪ್ಲಗ್ಗಿನ ಲಿಕ್ವಿಡ್ ಕೂಡ ಹಾಗೆಯೇ: ಅದರಲ್ಲಿರುವ ಕೀಟನಾಶಕ ಪೈರೆಥ್ರಾಯ್ಡ್ ಮನುಷ್ಯನಿಗಿಂತ ಮೀನಿಗೆ ಬಹಳ ಹೆಚ್ಚು ವಿಷ, ಏರ್ ಪಂಪ್ ಆ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ.